ಜೀವಕೋಶಗಳ ನಡುವಿನ ಕಂಡಿ ಮುಚ್ಚಿದಾಗ

1973ರಲ್ಲಿ ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ಹಸುಗಳ ಆಹಾರಕ್ಕೆ ಮೆಗ್ನೀಸಿಯಂ ಆಕ್ಸೈಡ್ ಬೆರೆಸುವ ಬದಲು, ಬೆಂಕಿ ತಗಲದಂತೆ ಪ್ಲಾಸ್ಟಿಕ್‌ಗೆ ಸೇರಿಸುತ್ತಿದ್ದ ಪಿಬಿಬಿ ಎಂಬ ರಾಸಾಯನಿಕವನ್ನು ತಪ್ಪಿನಿಂದ ಬೆರೆಸಲಾಯಿತು. ಕಾರಣ ತಿಳಿಯುವ ಹೊತ್ತಿಗೆ ಹಾಲು, ಮಾಂಸ, ಮೊಟ್ಟೆಗಳ ಮೂಲಕ ಅದು ಜನರ ಮೈ ಸೇರಿತ್ತು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ನಾಶಪಡಿಸಬೇಕಾಯಿತು.

ಇಂತಹ ವಸ್ತು ಕ್ಯಾನ್ಸರಿಗೆ ಹೇಗೆ ಇಂಬು ಕೊಟ್ಟೀತು? ಬದುವಿನ ಕಂಡಿಯ ಮೂಲಕ ಒಂದು ಗದ್ದೆಯ ನೀರು ಪಕ್ಕದ ಗದ್ದೆಗೆ ಹಾಯುವುದನ್ನು ರೈತರು ಬಲ್ಲರು. ದೇಹದಲ್ಲಿ ನೆರೆಹೊರೆಯ ಜೀವಕೋಶಗಳ ನಡುವೆಯೂ ಅತಿ ಸೂಕ್ಷ್ಮವಾದ ಕಂಡಿಗಳಿವೆ. ಕನೆಕ್ಸಿನ್ ಎಂಬ ಪ್ರೋಟೀನಿನ ಆರು ಅಣುಗಳು ಸೇರಿ ಅರ್ಧ ಕೊಳವೆಯಾಗುತ್ತದೆ. ಎದುರು ಕೋಶದ ಅರ್ಧ ಬಂದು ಕೂಡಿದರೆ ದಾರಿ ಪೂರ್ಣ. ಕ್ಯಾಲ್ಸಿಯಂ ಮುಂತಾದ ಸಣ್ಣ ಕಣಗಳು ಇದರೊಳಗೆ ಹಾಯ್ದು, ಬೆಳೆಯುವುದನ್ನು ಎಲ್ಲಿ ನಿಲ್ಲಿಸಬೇಕೆಂಬ ಸೂಚನೆಯನ್ನು ಒಯ್ಯುತ್ತವೆ. ಯಕೃತ್ತಿನ ಕ್ಯಾನ್ಸರ್ ಕೋಶಗಳಲ್ಲಿ ಈ ಸಂಪರ್ಕ ಇಲ್ಲದಿರುವುದು 1966ರಲ್ಲೇ ಕಂಡುಬಂದಿತು.

ಕ್ಯಾನ್ಸರ್ ಒಂದೇ ಏಟಿಗೆ ಬರುವ ರೋಗವಲ್ಲ. ಮೊದಲು ಯಾವುದೋ ಕಾರಣದಿಂದ ಒಂದು ಕೋಶದ ವಂಶವಾಹಿ ಕೆಡುತ್ತದೆ. ಸುತ್ತಲಿನ ಆರೋಗ್ಯವಾದ ಕೋಶಗಳು ಅದನ್ನು ವರ್ಷಗಟ್ಟಲೆ ಹತೋಟಿಯಲ್ಲಿಡಬಲ್ಲವು. ಕಂಡಿ ಮುಚ್ಚಿತೆಂದರೆ ಸೂಚನೆ ತಲುಪದೆ, ಕೆಟ್ಟ ಕೋಶವು ಕಳೆಯಂತೆ ಹಬ್ಬತೊಡಗುತ್ತದೆ. 1979ರಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಜೇಮ್ಸ್ ಟ್ರಾಸ್ಕೊ ಮತ್ತು ಸಂಗಡಿಗರು, ಜಾಪಾಳದ ಎಣ್ಣೆಯಲ್ಲಿರುವ ಒಂದು ವಸ್ತು ಈ ಸಂಪರ್ಕವನ್ನು ತಡೆಯುವುದನ್ನು ತೋರಿಸಿದರು. (ನಮ್ಮಲ್ಲಿ ಭೇದಿಗೆ ಕೊಡುತ್ತಿದ್ದ ಜಾಪಾಳವೇ ಇದು.) ಮುಂದೆ ಪಿಬಿಬಿ, ಡಿಡಿಟಿ, ಲಿಂಡೇನ್‌ಗಳೂ ಹಾಗೆಯೇ ಮಾಡುವುದು ತಿಳಿಯಿತು. ಇವೆಲ್ಲ ಪ್ರಯೋಗಶಾಲೆಯ ಕೋಶಗಳಲ್ಲಿ ಕಂಡ ಸಂಗತಿಗಳು. ಡಿಡಿಟಿಯು ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳನ್ನು ಹೆಚ್ಚಿಸಿದ್ದೂ ಉಂಟು. ಮನುಷ್ಯರ ಕ್ಯಾನ್ಸರಿನಲ್ಲಿ ಇದರ ಪಾಲೆಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಲಿಂಡೇನನ್ನು ಕ್ಯಾನ್ಸರ್‌ಕಾರಕವೆಂದೂ, ಡಿಡಿಟಿಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿದೆ.

ಕೆಟ್ಟ ವಂಶವಾಹಿ ಸಾಮಾನ್ಯವಾಗಿ ಸರಿಹೋಗದು. ಮುಚ್ಚಿದ ಕಂಡಿಯಾದರೋ, ವಿಷ ದೂರವಾದಾಗ ಮತ್ತೆ ತೆರೆಯಬಲ್ಲದು. ಒಮ್ಮೆ ಸೋಕಿದ್ದಕ್ಕಿಂತ ದಿನವೂ ಸ್ವಲ್ಪಸ್ವಲ್ಪವಾಗಿ ಒಳಸೇರುವುದೇ ಇಲ್ಲಿ ಹೆಚ್ಚು ಅಪಾಯ. ಡಿಡಿಟಿಯಂಥವು ಕೊಬ್ಬಿನಲ್ಲಿ ಕರಗಿ ವರ್ಷಗಟ್ಟಲೆ ನಿಲ್ಲುವುದರಿಂದ ಬೇಗ ದೂರವಾಗುವುದಿಲ್ಲ ಎಂಬುದೇ ತೊಡಕು.

ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿಡಿಟಿ ಬಳಕೆಯನ್ನು 1989ರಲ್ಲಿ, ಬಿಎಚ್‌ಸಿಯನ್ನು 1997ರಲ್ಲಿ ನಿಷೇಧಿಸಲಾಯಿತು. ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಹಳೆಯ ಪುಡಿ ಉಳಿದಿದ್ದರೆ ಕಾಳಿಗೆ ಬೆರೆಸಬೇಡಿ, ದನದ ಮೈಗೆ ಹಚ್ಚಬೇಡಿ. ಸುಡುವುದೂ ಬಾವಿ, ಕೆರೆಗೆ ಸುರಿಯುವುದೂ ಬೇಡ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು, ವಿಲೇವಾರಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅದರ ಖಾಲಿ ಡಬ್ಬವನ್ನು ಎಷ್ಟು ತೊಳೆದರೂ ನೀರಿಗಾಗಲಿ ಹಿಂಡಿಗಾಗಲಿ ಬಳಸತಕ್ಕದ್ದಲ್ಲ.