ಆಡುವವರಿದ್ದರು, ಆಡಿಸುವವರೆಲ್ಲಿ?

2024ರ ಜನವರಿ 13ನೆಯ ತಾರೀಖು, ಶನಿವಾರ. ಸಂಜೆಯ ಐದು ಗಂಟೆ, ಅಂದರೆ ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ತಿಂಡಿ-ಕಾಫಿಯ ಗದ್ದಲ ಏರುವ ಹೊತ್ತು. ಅದೇ ಹೊತ್ತಿಗೆ ಕತಾರಿನಲ್ಲಿ ಏಷ್ಯಾ ಕಪ್ಪಿನ ಭಾರತ-ಆಸ್ಟ್ರೇಲಿಯಾ ಫುಟ್ಬಾಲ್ ಪಂದ್ಯ ಆರಂಭವಾಯಿತು. ಮಾಟುಂಗಾದ ಹೋಟೆಲೊಂದರಲ್ಲಿ ಟೆಲಿವಿಷನ್ನಿನ ಎದುರಿನ ಮೇಜು ಹಿಡಿದಿದ್ದ ಈ ಗುಮಾಸ್ತನು ಒಂದೇ ಕಾಫಿಯನ್ನು ಎರಡು ಗಂಟೆ ಕುಡಿದನೆಂದರೆ ಧಣಿಗಳು ಕ್ಷಮಿಸಬೇಕು.

ಹಿಂಪಂಕ್ತಿಯಲ್ಲಿ ನಿಖಿಲ್ ಪೂಜಾರಿ ಎಂಬ ಹೆಸರು ಕೇಳಿಬಂದೊಡನೆ ಸಪ್ಲೈಯರ್ ಹುಡುಗರು ತಟ್ಟೆ ಹಿಡಿದೇ ಒಂದು ಕ್ಷಣ ನಿಂತರು. ಅರ್ಧ ಆಟದವರೆಗೆ ನಮ್ಮವರು ಗೋಲು ಬಿಡಲಿಲ್ಲ. ಮುಗಿದಾಗ ಮಾತ್ರ 0-2. ಐದು ದಿನಗಳ ಮೇಲೆ ಉಜ್ಬೇಕಿಸ್ತಾನದೆದುರು 0-3; 23ರಂದು ಸಿರಿಯಾದೆದುರು 0-1. ಮೂರು ಪಂದ್ಯಗಳಲ್ಲಿ ಆರು ಗೋಲು ಕೊಟ್ಟು, ಒಂದನ್ನೂ ಪಡೆಯದೆ ಭಾರತವು ಮರಳಿತು.

ಸೋತದ್ದಕ್ಕಾಗಿ ನಾನು ಮುನಿದವನಲ್ಲ. ಆಸ್ಟ್ರೇಲಿಯಾ ನಮಗಿಂತ ಬಲಿಷ್ಠವೆಂಬುದು ಎಲ್ಲರೂ ಬಲ್ಲ ಮಾತು. ನನ್ನ ಮುನಿಸೆಲ್ಲ ಮುಖ್ಯ ತರಬೇತುದಾರ ಇಗೊರ್ ಸ್ಟಿಮಾಚ್ ಅವರು ಆಟಗಾರರನ್ನು ಬಳಸಿದ ಬಗೆಯ ಮೇಲೆ. ಮುಂಪಂಕ್ತಿಯ ನಡುವೆ ನಿಂತು ಗೋಲು ಹೊಡೆಯುವ ಭಾರವನ್ನು ಅವರು ಹೊರಿಸಿದ್ದು 39 ವರ್ಷದ ಸುನಿಲ್ ಛೇತ್ರಿಯವರ ಹೆಗಲಿಗೆ. 2013ರಿಂದ ಬೆಂಗಳೂರಿನ ತಂಡದ ಕಣ್ಮಣಿಯಾಗಿರುವ ಛೇತ್ರಿಯವರ ಮೇಲೆ ಕನ್ನಡಿಗರಿಗಿರುವ ಅಭಿಮಾನ ಹೇಳತೀರದು. 2019ರ ಏಷ್ಯಾ ಕಪ್ಪಿನಲ್ಲಿ ಥಾಯ್ಲೆಂಡನ್ನು 4-1ರಿಂದ ಮಣಿಸಿದಾಗ ಎರಡು ಗೋಲು ಅವರವೇ. ಆದರೆ ಅಂದಿನಿಂದ ಐದು ವರ್ಷಗಳು ಉರುಳಿದ್ದವು. ಸ್ಟಿಮಾಚ್ ಅಧಿಕಾರ ವಹಿಸಿದ್ದೂ ಅದೇ 2019ರ ಮೇ ತಿಂಗಳಿನಲ್ಲಿ. ಇಷ್ಟು ದೀರ್ಘಕಾಲದಲ್ಲಿ ಛೇತ್ರಿಯವರ ಜಾಗಕ್ಕೆ ಇನ್ನೊಬ್ಬನನ್ನು ಸಿದ್ಧಗೊಳಿಸಬಾರದಿತ್ತೇ?

ನಮ್ಮ ಹೋಟೆಲಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಸೆ ಹೊಯ್ಯುವ ಭಟ್ಟರು ಎಷ್ಟೇ ನುರಿತವರಾಗಿರಲಿ, ಅವರ ಕೈ ಸೋಲುವ ಮೊದಲೇ ಧಣಿಯಾದವನು ಕಾವಲಿಯ ಬಳಿ ಒಬ್ಬ ಹುಡುಗನನ್ನು ನಿಲ್ಲಿಸುತ್ತಾನೆ. ಮೊದಮೊದಲು ನಾಲ್ಕು ದೋಸೆ ಸೀದುಹೋದರೂ ಸಹಿಸುತ್ತಾನೆ. ಭಟ್ಟರು ಊರಿಗೆ ಹೊರಟ ದಿನ ಹುಡುಗನನ್ನು ಹುಡುಕುವವನು ಹೋಟೆಲು ನಡೆಸಿಯಾನೇ?

ಹುಡುಗರೇ ಇರಲಿಲ್ಲವೆನ್ನುವಂತಿಲ್ಲ. 2023ರ ನವೆಂಬರ್ 16ರಂದು ಕುವೈತನ್ನು ಅದರ ನೆಲದಲ್ಲಿಯೇ 1-0ರಿಂದ ಸೋಲಿಸಿದಾಗ ಗೋಲು ಹೊಡೆದವರು ಮನ್‌ವೀರ್ ಸಿಂಗ್. ಎರಡು ತಿಂಗಳ ಬಳಿಕ ಆಸ್ಟ್ರೇಲಿಯಾದೆದುರು ಅದೇ ಮನ್‌ವೀರ್ ಮೈದಾನದ ಅಂಚಿನಲ್ಲಿ ಓಡುತ್ತಿದ್ದರು.

ಸ್ಟಿಮಾಚ್ ಅವರ ಪಕ್ಷದಲ್ಲಿಯೂ ಹೇಳುವ ಮಾತುಗಳಿವೆ, ಮರೆಮಾಚುವುದು ನ್ಯಾಯವಲ್ಲ. ಅವರು ಕೇಳಿದಷ್ಟು ದಿನಗಳ ಶಿಬಿರ ದೊರೆಯಲಿಲ್ಲ. ಅನ್ವರ್ ಅಲಿ, ಜೀಕ್ಸನ್ ಸಿಂಗ್ ಮುಂತಾದವರು ಗಾಯಗೊಂಡು ಹೊರಗುಳಿದಿದ್ದರು. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟವರೂ ಅವರೇ. ಇನ್ನು ನಮ್ಮ ಕ್ಲಬ್ಬುಗಳಾದರೋ ಗೋಲು ಹೊಡೆಯುವ ಕೆಲಸಕ್ಕೆ ವಿದೇಶೀಯರನ್ನೇ ನೆಚ್ಚಿಕೊಂಡಿವೆ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗಿನಲ್ಲಿ 2024-25ರವರೆಗೆ ಅತಿ ಹೆಚ್ಚು ಗೋಲುಗಳ ಚಿನ್ನದ ಬೂಟು ಒಬ್ಬ ಭಾರತೀಯನಿಗೂ ದಕ್ಕಿಲ್ಲ.

ಆದರೂ, ಇದ್ದವರಲ್ಲಿ ತಕ್ಕವನನ್ನು ತಕ್ಕ ಜಾಗದಲ್ಲಿ ನಿಲ್ಲಿಸುವುದಕ್ಕಲ್ಲವೇ ತರಬೇತುದಾರನೆಂಬವನು ಬೇಕಾಗುವುದು? ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರನ್ನು ನೆನೆಯಿರಿ. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತ್ತು. ಅನಂತರ ರಕ್ಷಣಾ ಪಂಕ್ತಿಯ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ಬೇರೊಬ್ಬರಾಗಿದ್ದರೆ ಅವರನ್ನು ಕೂರಿಸಿಬಿಡುತ್ತಿದ್ದರು. ರಹೀಮರು ಅವರನ್ನು ಮುಂಪಂಕ್ತಿಗೆ ತಂದು ನಿಲ್ಲಿಸಿದರು! ಉಪಾಂತ್ಯದಲ್ಲಿ ಜರ್ನೈಲ್ ಗೋಲು ಹೊಡೆದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಅದೇ ಕೊರಿಯಾದೆದುರು ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2-1ರಿಂದ ಚಿನ್ನ ನಮ್ಮದಾಯಿತು. ಆಗಲೇ ರೋಗಪೀಡಿತರಾಗಿದ್ದ ರಹೀಮರು ಮರುವರ್ಷ ಜೂನ್ ತಿಂಗಳಲ್ಲಿ ತೀರಿಕೊಂಡರು. ಅಂದಿನಿಂದ ಏಷ್ಯನ್ ಕ್ರೀಡೆಗಳ ಫುಟ್ಬಾಲ್ ಚಿನ್ನ ನಮ್ಮ ಪಾಲಿಗೆ ಮರಳಿ ಬಂದಿಲ್ಲ.

ಕತಾರಿನ ಬಳಿಕ ನಡೆದುದನ್ನೂ ನೋಡಿ. 2024ರ ಮಾರ್ಚ್ 26ರಂದು ಗುವಾಹಾಟಿಯಲ್ಲಿ ಅಫ್ಘಾನಿಸ್ತಾನದೆದುರು 1-2ರಿಂದ ಸೋತಾಗ ನಮ್ಮ ಆ ಒಂದು ಗೋಲು ಛೇತ್ರಿಯವರ ಪೆನಾಲ್ಟಿ. ಜೂನ್ 6ರಂದು ಕಲಕತ್ತೆಯಲ್ಲಿ ಕುವೈತಿನೊಡನೆ 0-0 ಆಡಿ ಅವರು ನಿವೃತ್ತರಾದರು. ಅದೇ ತಿಂಗಳ 17ರಂದು ಸ್ಟಿಮಾಚ್ ವಜಾಗೊಂಡರು. ಅವರ ಬಳಿಕ ಬಂದ ಸ್ಪೇನಿನ ಮನೋಲೊ ಮಾರ್ಕೆಸ್ 2025ರ ಮಾರ್ಚಿನಲ್ಲಿ ಮಾಡಿದ್ದೇನು? ನಿವೃತ್ತರಾಗಿದ್ದ 40 ವರ್ಷದ ಛೇತ್ರಿಯವರನ್ನು ಮರಳಿ ಕರೆತಂದರು. ಆಗಸ್ಟಿನಲ್ಲಿ ನೇಮಕಗೊಂಡ ಖಾಲಿದ್ ಜಮೀಲರೂ ಅಕ್ಟೋಬರಿನ ಸಿಂಗಪುರ ಪಂದ್ಯಗಳಿಗೆ ಅವರನ್ನೇ ಆರಿಸಿದರು. ಮಡಗಾಂವಿಯಲ್ಲಿ 1-2ರಿಂದ ಸೋತು 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು. ತರಬೇತುದಾರರು ಮೂವರು ಬದಲಾದರೂ ಮುಂಪಂಕ್ತಿಯ ಆ ಜಾಗಕ್ಕೆ ಉತ್ತರಾಧಿಕಾರಿ ಹುಟ್ಟಲಿಲ್ಲ. ಛೇತ್ರಿಯವರಿಗೆ ಇದು ಭೂಷಣವಾದರೂ ಆಡಿಸುವವರಿಗೆ ಅಪಕೀರ್ತಿಯೇ ಸರಿ.

ಆದುದರಿಂದ ತಂಡವನ್ನು ನಡೆಸುವವರಲ್ಲಿ ಈ ಗುಮಾಸ್ತನ ಅರಿಕೆ ಇಷ್ಟೇ. ಹೊಸ ಹುಡುಗನೊಬ್ಬನನ್ನು ಆ ಜಾಗದಲ್ಲಿ ನಿಲ್ಲಿಸಿ, ಹತ್ತು ಪಂದ್ಯಗಳವರೆಗೆ ಕದಲಿಸದಿರಿ. ಅವನು ನಾಲ್ಕು ಅವಕಾಶಗಳನ್ನು ಕೆಡಿಸಿದರೆ ನಾವು ತಾಳಿಕೊಳ್ಳುತ್ತೇವೆ. ಸೀದ ದೋಸೆಯನ್ನು ತಿಂದು ಬಲ್ಲವರು ನಾವು. ಕಾವಲಿಯ ಬಳಿ ಯಾರೂ ಇಲ್ಲದಿರುವುದನ್ನು ಮಾತ್ರ ಇನ್ನು ನೋಡಲಾರೆವು.