ಜೋಳದ ಹೊತ್ತಿಗೆ ಬರುವ ಗುಲಾಬಿ ಹಕ್ಕಿ ಯಾವುದು?

ಪ್ರಶ್ನೆ: ತಿಕೋಟಾ, ಬಬಲೇಶ್ವರ ಕಡೆ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬರುವ ಕಪ್ಪು ತಲೆ, ಗುಲಾಬಿ ಮೈಯ ಹಕ್ಕಿ ಯಾವುದು? ಮನೆಯಿಂದಲೇ ನೋಡಬಹುದೇ?

ಉತ್ತರ: ಅದು ಗುಲಾಬಿ ಕಬ್ಬಕ್ಕಿ, ಮೈನಾದ ದಾಯಾದಿ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆ. ಏಪ್ರಿಲ್ ಹೊತ್ತಿಗೆ ಬಹುಪಾಲು ಹಿಂಡುಗಳು ಹೊರಟಿರುತ್ತವೆ.

ಹಿಂಗಾರಿ ಬಿಳಿಜೋಳದ ಸೀಮೆಯಲ್ಲಿ ರೈತರಿಗೆ ಇದರ ಮೇಲೆ ಅಕ್ಕರೆ ಇರಲಿಕ್ಕಿಲ್ಲ. ಹಾಲುಗಾಳಿನ ತೆನೆಗೆ ಹಿಂಡು ಇಳಿದರೆ ಕವಣೆ ಬೀಸಲೇಬೇಕು. ಆದರೆ ಇದೇ ಹಕ್ಕಿ ಮಿಡತೆಗಳ ಪಾಲಿನ ಯಮ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಕಾಟ ತಡೆಯಲೆಂದೇ ಇದಕ್ಕೆ ಗೂಡು ಕಟ್ಟಲು ಕಲ್ಲಿನ ರಾಶಿ ಒಟ್ಟಿಕೊಡುತ್ತಾರೆ!

ವಿಜಯಪುರ ನಗರದವರಿಗೆ ಮಾಳಿಗೆಯೇ ಸಾಕು. ಹೊತ್ತು ಮುಳುಗುವಾಗ ರಾತ್ರಿ ತಂಗುವ ಮರದ ಮೇಲೆ ಹಿಂಡು ಸುತ್ತುತ್ತದೆ. ಎಲ್ಲವೂ ಒಮ್ಮೆಲೇ ಹೊರಳುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ನೋಡುತ್ತ ನಿಂತವರ ಚಹಾ ಆರಿದರೆ ಆಶ್ಚರ್ಯವಿಲ್ಲ.

ಡಿಸೆಂಬರಿನಲ್ಲಿ ಬಣ್ಣ ಮಾಸಲು, ಎಳೆಯವು ಬರೀ ಮಣ್ಣುಬಣ್ಣ. ಕಡುಗುಲಾಬಿ ನೋಡಬೇಕೆಂದರೆ ಮಾರ್ಚ್‌ವರೆಗೆ ಕಾಯಬೇಕು. ಅಷ್ಟರೊಳಗೆ ಹಿತ್ತಲಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಗೆ ನೀರು ತುಂಬಿಟ್ಟರೆ, ಇನ್ನೊಂದು ಚಳಿಗಾಲದ ಅತಿಥಿ ಸಿಪಿಲೆಯೂ ಬಾಲ ಕುಣಿಸುತ್ತ ಬಂದೀತು.