ಊದುಗಾಜಿನ ಕೈಕಸಬು

ನಮ್ಮ ಮನೆಗಳಲ್ಲಿ ನಿತ್ಯವೂ ಬಳಸುವ ಗಾಜಿನ ಲೋಟ, ಶೀಸೆ ಮುಂತಾದುವುಗಳಲ್ಲಿ ಹೆಚ್ಚಿನವು ಈಗ ಯಂತ್ರಗಳಿಂದ ತಯಾರಾದವುಗಳೇ. ಆದರೆ ಮನುಷ್ಯನ ಉಸಿರಿನಿಂದ ಗಾಜನ್ನು ಊದಿ ಪಾತ್ರೆಮಾಡುವ ವಿದ್ಯೆಯು ಸುಮಾರು 2,000 ವರ್ಷಗಳ ಹಿಂದೆ ಸಿರಿಯ, ಪಾಲೆಸ್ತೀನ ಸೀಮೆಗಳಲ್ಲಿ ಹುಟ್ಟಿ, ಇಂದಿಗೂ ಕೆಲವು ಮನೆತನಗಳಲ್ಲಿ ಉಳಿದಿರುತ್ತದೆ. ಇಟಲಿ ದೇಶದಲ್ಲಿ ವೆನಿಸ್ ಪಟ್ಟಣಕ್ಕೆ ಸೇರಿದ ಮುರಾನೋ ದ್ವೀಪವು ಇದಕ್ಕೆ ಬಹಳ ಹೆಸರಾದುದು. ಬೆಂಕಿಯ ಭಯದಿಂದ 1291ರಲ್ಲಿ ವೆನಿಸ್ಸಿನ ಸರಕಾರವು ಗಾಜಿನ ಕುಲುಮೆಗಳನ್ನು ಪಟ್ಟಣದಿಂದ ಅಲ್ಲಿಗೆ ಸಾಗಿಸುವಂತೆ ವಿಧಿಸಿತು. ಅಲ್ಲಿನ ಸಣ್ಣ ಕಾರ್ಯಶಾಲೆಗಳಲ್ಲಿ ಕೆಲಸವು ನಡೆಯುವ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ತಿಳಿಸಬಯಸುತ್ತೇನೆ.

ಗಾಜಿಗೆ ಮೂಲವಸ್ತು ಮರಳು. ಬರಿಯ ಮರಳು ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು. ಸೋಡಾ ಬೆರಸಿದರೆ ಕಡಿಮೆ ಕಾವೇ ಸಾಕು. ಆದರೆ ಸೋಡಾ ಮಾತ್ರ ಬೆರೆತ ಗಾಜು ನೀರಿನಲ್ಲಿ ಕರಗಿಹೋಗುವುದಾದಕಾರಣ ಸುಣ್ಣವನ್ನೂ ಕೂಡಿಸುತ್ತಾರೆ.

ಮೂಸೆಯಲ್ಲಿ ಸುಮಾರು 1,100 ಡಿಗ್ರಿಯ ಕಾವಿನಲ್ಲಿ ಗಾಜು ಜೇನುತುಪ್ಪದಂತಿರುವುದು. ಟೊಳ್ಳಾದ ಕಬ್ಬಿಣದ ಊದುಗೊಳವೆಯ ತುದಿಯನ್ನು ಅದರಲ್ಲಿ ಅದ್ದಿ ತಿರುಗಿಸಿ ಒಂದು ಮುದ್ದೆಯನ್ನು ಎತ್ತುತ್ತಾರೆ. ನಯವಾದ ಕಬ್ಬಿಣದ ಹಲಗೆಯ ಮೇಲೆ ಉರುಳಿಸಿ ಹದಗೊಳಿಸುತ್ತಾರೆ. ಬಳಿಕ ಮೆಲ್ಲನೆ ಊದುತ್ತಾರೆ. ಊದುವುದು ಸ್ವಲ್ಪ, ತಿರುಗಿಸುವುದು ಬಹಳ. ತಿರುಗುವುದು ನಿಂತರೆ ಮೆತ್ತನೆಯ ಗಾಜು ಒಂದೇ ಪಕ್ಕಕ್ಕೆ ಜೋತುಬೀಳುವುದು. ಆರಿದಂತೆಲ್ಲ ಅದನ್ನು ಮತ್ತೆ ಮತ್ತೆ ಬೆಂಕಿಗೆ ಹಿಡಿಯಬೇಕು. ಇಕ್ಕಳದಿಂದ ಕಂಠವನ್ನು ಕಿರಿದುಮಾಡಿದ ಮೇಲೆ, ತಳಕ್ಕೆ ಬೇರೊಂದು ಸಲಾಕೆಯನ್ನು ಅಂಟಿಸಿ, ಊದುಗೊಳವೆಯನ್ನು ಬಿಡಿಸಿ, ಬಾಯಿಯನ್ನು ಕಾಯಿಸಿ ಅರಳಿಸುತ್ತಾರೆ. ಇದಕ್ಕೆ ಹಲವರ ಕೈಗಳು ಬೇಕು. ಮುಖ್ಯ ಕುಶಲಿಯನ್ನು ಅಲ್ಲಿ ‘ಮಾಯೆಸ್ತ್ರೋ’ ಎನ್ನುವರು; ನಮ್ಮ ‘ಮೇಸ್ತ್ರಿ’ ಎಂಬ ಮಾತು ಇದಕ್ಕೆ ನಂಟು. ಅವನು ತಲೆಯೆತ್ತುವುದರೊಳಗೆ ಸಹಾಯಕನು ಬೇಕಾದ ಗಾಜನ್ನು ತಂದಿರತಕ್ಕದ್ದು. ಈ ಜಾಣ್ಮೆಯು ಓದಿನಿಂದ ಬರತಕ್ಕದ್ದಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಕಲಿಯತಕ್ಕದ್ದು.

ಪಾತ್ರೆಯು ಸಿದ್ಧವಾದರೂ ಕೆಲಸವು ಮುಗಿಯಲಿಲ್ಲ. ಬಿಸಿಯಾದ ಲಾಂದ್ರದ ಗಾಜಿನ ಮೇಲೆ ನೀರಿನ ಹನಿ ಬಿದ್ದರೆ ಅದು ಫಟ್ಟನೆ ಸೀಳುವುದನ್ನು ಹಿರಿಯರು ಕಂಡಿರಬಹುದು. ಹೊರಮೈ ಬೇಗ ಆರಿ ಒಳಗು ಬಿಸಿಯಾಗಿಯೇ ಉಳಿದರೆ ಗಾಜಿನೊಳಗೆ ಸೆಳೆತವುಂಟಾಗುವುದೇ ಕಾರಣ. ಆದ್ದರಿಂದ ಹೊಸ ಪಾತ್ರೆಯನ್ನು ಸುಮಾರು 500 ಡಿಗ್ರಿಯ ಇನ್ನೊಂದು ಒಲೆಯಲ್ಲಿಟ್ಟು ಗಂಟೆಗಟ್ಟಲೆ ಮೆಲ್ಲಮೆಲ್ಲನೆ ಆರಿಸುತ್ತಾರೆ. ಅವಸರಪಟ್ಟರೆ ಇಷ್ಟರ ತನಕ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು.

ಇಂಥ ವಿದ್ಯೆಯು ತಂದೆಯಿಂದ ಮಗನಿಗೆ ಬರುವುದು ವಾಡಿಕೆ. ಆದರೆ 15ನೆಯ ಶತಮಾನದಲ್ಲಿ, ನಿರ್ಮಲವಾದ ‘ಕ್ರಿಸ್ತಾಲ್ಲೊ’ ಗಾಜಿಗಾಗಿ ಪ್ರಸಿದ್ಧನಾದ ಆಂಜೆಲೊ ಬರೋವಿಯೇರ್ ಎಂಬವನ ಮಗಳು ಮರಿಯೆತ್ತಾ ಸಹ ಈ ಕಸಬಿನಲ್ಲಿ ನಿಪುಣೆಯಾದಳು. ಅವಳು ಸ್ವಂತವಾಗಿ ಒಂದು ಚಿಕ್ಕ ಕುಲುಮೆಯನ್ನು ಇಟ್ಟುಕೊಳ್ಳಲು 1487ರಲ್ಲಿ ವೆನಿಸ್ಸಿನ ಅಧಿಪತಿಯು ಅನುಮತಿಯಿತ್ತನು. ಗಂಡಸರದೇ ಆಗಿದ್ದ ಈ ಕಸಬಿನಲ್ಲಿ ಇದು ಅಪರೂಪವಾದ ಸಂಗತಿ.

ಕುಲುಮೆಯು ಹಗಲಿರುಳು ಉರಿಯಬೇಕಾದುದರಿಂದ ಸಣ್ಣ ಮನೆತನಗಳಿಗೆ ಉರುವಲಿನ ವೆಚ್ಚವೇ ದೊಡ್ಡ ಹೊರೆ. 2021 ಮತ್ತು 2022ರಲ್ಲಿ ಅನಿಲದ ಬೆಲೆಯು ಹಲವು ಮಡಿ ಏರಿದಾಗ ಮುರಾನೋದಲ್ಲಿ ಅನೇಕ ಕುಲುಮೆಗಳನ್ನು ಆರಿಸಬೇಕಾಯಿತು. ಯುನೆಸ್ಕೋ ಸಂಸ್ಥೆಯು ಇಟಲಿ ಮತ್ತು ಫ್ರಾನ್ಸಿನ ಗಾಜಿನ ಮಣಿಗಳ ಕಲೆಯನ್ನು 2020ರಲ್ಲಿಯೂ, ಯೂರೋಪಿನ ಆರು ದೇಶಗಳ ಕೈಗಾಜಿನ ವಿದ್ಯೆಯನ್ನು 2023ರಲ್ಲಿಯೂ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿ ಗೌರವಿಸಿತು. ಆದರೆ ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಕಸಬು ಬದುಕದು. ಕಲಿಯುವ ಕೈಗಳು ಬೇಕು.

ತಾಯಿತಂದೆಗಳೇ, ನಿಮ್ಮ ಮನೆಯ ಕಸಬು ನೇಯ್ಗೆಯಾಗಲಿ, ಬಡಗಿತನವಾಗಲಿ, ಅದನ್ನು ಹೆಣ್ಣುಮಕ್ಕಳಿಗೂ ಕಲಿಸಿರಿ. ಮಗಳಿಗೂ ಒಂದು ಚಿಕ್ಕ ಕುಲುಮೆ ದೊರೆತರೆ ಮನೆತನದ ವಿದ್ಯೆಯು ಇನ್ನೊಂದು ತಲೆಮಾರು ಉಳಿದೀತು.